ಪರವಾಗಿಲ್ಲ ಎಂದವಳು

ಆಫೀಸಿನ ಮೇಜಿನಲ್ಲಿ ಕಾಫಿ ಲೋಟ ಪತ್ರಿಕೆಯ ಮೇಲೆ ಮಗುಚಿಕೊಂಡಿತು. ಬೆರ್ತಿಲ್ ಒರೆಸುವ ಬಟ್ಟೆ ಹಿಡಿದು ಬಂದರೆ ಯೋರ್ಡಿಸ್ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

"ತಡಿ. ಓದ್ತಾ ಇದೀನಿ."

ಒದ್ದೆಯಾದ ಕ್ರೀಡಾ ಪುಟದಲ್ಲಿ ಐಸ್ ಹಾಕಿ ಆಟಗಾರ ನಿಕ್ಲಾಸ್ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ನಗುತ್ತಿದ್ದ. ಎಡ ಮಂಡಿಗೆ ದಪ್ಪ ಬ್ಯಾಂಡೇಜು. ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದವನು ಡಾಕ್ಟರ್ ಟೊರ್ಸ್ಟೆನ್. ಆಟಗಾರನ ಮಂಡಿಯಿಂದಲೇ ತೆಗೆದ ಜೀವಕೋಶಗಳನ್ನು ಬೆಳೆಸಿ ಮತ್ತೆ ಅದೇ ಮಂಡಿಯೊಳಗೆ ತುಂಬಿದ್ದಾರೆ, ಮುಂದಿನ ಚಳಿಗಾಲಕ್ಕೆ ಅವನು ಐಸಿಗೆ ಇಳಿಯುತ್ತಾನೆ ಎಂದು ಬರೆದಿತ್ತು. ಆಪರೇಷನ್ ನಡೆದದ್ದು ಎರಡು ವಾರದ ಹಿಂದೆ, ಸೆಪ್ಟೆಂಬರ್ ಹದಿನಾರು, ಮಂಗಳವಾರ.

ಆ ಮಂಗಳವಾರ ಯೋರ್ಡಿಸಳದಾಗಿತ್ತು.

"ಅಲ್ಲಾ, ನಿಂಗೆ ಇವತ್ತು ಆಪರೇಷನ್ ಅಲ್ವಾ?" ಎಂದ ಬೆರ್ತಿಲ್. "ಬೆಳಿಗ್ಗೆ ಬೆಳಿಗ್ಗೆ ಇಲ್ಲೇನು ಮಾಡ್ತಿದೀಯ?"

"ರದ್ದಾಯ್ತು. ನಿನ್ನೆ ಫೋನ್ ಮಾಡಿ ಹೇಳಿದ್ರು. ನನ್ನ ಜೀವಕೋಶ ಕೆಟ್ಟುಹೋದ್ವಂತೆ."

"ಕೆಟ್ಟುಹೋದ್ವು ಅಂದ್ರೆ? ಅವೇನು ಹಾಲಾ?"

"ಮೊದಲಿಂದ ಶುರು ಮಾಡ್ಬೇಕಂತೆ. ಮತ್ತೆ ಮಂಡಿ ಕೊರೆದು ಚೂರು ತೆಗೀಬೇಕು, ಮತ್ತೆ ರಕ್ತ ಕೊಡ್ಬೇಕು. ಏಪ್ರಿಲ್ ಅಂದ್ರು."

ಬೆರ್ತಿಲ್ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಗೋಥೆನ್‌ಬರ್ಗಿನ ಹಡಗುಕಟ್ಟೆಯ ಕಡೆಯ ಬೀದಿಗಳಲ್ಲಿ ಚಿಮಣಿ ಶುಚಿಮಾಡುವ ಗುತ್ತಿಗೆ ಅವನದು. ಯೋರ್ಡಿಸ್ ಅವನ ಹತ್ತಿರ ಕೆಲಸಕ್ಕೆ ಸೇರಿದಾಗ ಹೆಣ್ಣುಮಗಳು ಮನೆಗಳ ಮಾಡಿನ ಮೇಲೆ ಹತ್ತುವುದೇ ಎಂದು ಕಿಟಕಿಯಿಂದ ಇಣುಕಿ ನೋಡುತ್ತಿದ್ದವರ ಮಕ್ಕಳೆಲ್ಲ ಈಗ ದೊಡ್ಡವರಾಗಿದ್ದಾರೆ. ಕಳೆದ ಚಳಿಗಾಲದಲ್ಲಿ ಹಿಮ ಕಟ್ಟಿದ ಏಣಿಯಿಂದ ಜಾರಿ, ಮಂಡಿಯನ್ನು ಇಟ್ಟಿಗೆಯ ಅಂಚಿಗೆ ಬಡಿದುಕೊಂಡಿದ್ದಳು. ಮೂಳೆ ಮುರಿಯಲಿಲ್ಲ. ಮೂಳೆಯ ತುದಿಗೆ ಹೊದಿಸಿದಂತಿರುವ ಮೆದುಮೂಳೆ ಉಗುರಿನಷ್ಟಗಲ ಕಿತ್ತುಹೋಯಿತು. ಅದು ತಾನಾಗಿ ಬೆಳೆಯುವ ಪದಾರ್ಥವಲ್ಲವಂತೆ. ಅಂದಿನಿಂದ ಆಫೀಸಿನಲ್ಲಿ ಕೂತು ಫೋನು ಎತ್ತುತ್ತಿದ್ದಳು. ಅವಳ ಏಣಿ ಮಾತ್ರ ಗೋಡೆಯ ಮೇಲೆ ಅವಳ ಹೆಸರಿನ ಕೆಳಗೇ ನೇತಾಡುತ್ತಿತ್ತು. ಮುಂದಿನ ಶರತ್ಕಾಲದವರೆಗೆ ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ಬೆರ್ತಿಲ್ ಮಾತು ಕೊಟ್ಟಿದ್ದ.

"ಆಪರೇಷನ್ ಆದ್ಮೇಲೆ ಒಂದು ವರ್ಷ ಹತ್ತೋ ಹಾಗಿಲ್ಲ ಅಂದಿದ್ದೆ ನೀನು" ಎಂದ ಈಗ, ಏಣಿಯ ಕಡೆ ನೋಡದೆ. "ಏಪ್ರಿಲ್ ಅಂದ್ರೆ, ಅದರ ಮುಂದಿನ ಏಪ್ರಿಲ್ ಆಯ್ತು. ನಡುವೆ ಎರಡು ಚಳಿಗಾಲ. ಅಷ್ಟು ದಿನ ನಿನ್ನ ಬೀದಿಗಳನ್ನ ಹಂಗೇ ಇಟ್ಕೊಳ್ಳೋಕೆ ನನ್ನಿಂದಾಗಲ್ಲ ಯೋರ್ಡಿಸ್. ಕಾಯಂ ಆಗಿ ಯಾರನ್ನಾದ್ರೂ ತಗೊಳ್ಲೇಬೇಕು. ಫೋನಿನ ಕೆಲಸ ನಿಂಗೇ ಇರತ್ತೆ ಬಿಡು. ಬೇಜಾರಿಲ್ಲ ತಾನೇ?"

ಪರವಾಗಿಲ್ಲ ಎಂಬ ಮಾತು ಅವಳ ತುಟಿಗೆ ಬಂದೇಬಿಟ್ಟಿತ್ತು. ಹಲ್ಲು ಕಚ್ಚಿದಳು. ಕೋಟು ಎಳೆದುಕೊಂಡು, ಒದ್ದೆ ಪತ್ರಿಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕುಂಟುತ್ತ ಹೊರಗೆ ನಡೆದಳು.

ಎರಡು ವಾರದ ಹಿಂದೆ ಸೋಮವಾರ ಮಧ್ಯಾಹ್ನ ನಡೆದದ್ದು ಇಷ್ಟೇ. ನರ್ಸ್ ಗುನ್ವೋರ್ ಫೋನ್ ಮಾಡಿದ್ದಳು. "ಯೋರ್ಡಿಸ್, ತುಂಬಾ ಸಂಕೋಚ ಆಗ್ತಿದೆ ಕೇಳೋಕೆ. ಇಲ್ಲಿ ಸ್ವಲ್ಪ ಏರುಪೇರಾಗಿದೆ. ನಾಳೆ ಬದಲು ಇನ್ನೆರಡು ವಾರ ಬಿಟ್ಟು ಬಂದ್ರೆ ನಿಂಗೆ ತೊಂದ್ರೆ ಆಗತ್ತಾ?" ಯೋರ್ಡಿಸ್ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಬೆಕ್ಕನ್ನು ಪಕ್ಕದ ಮನೆಗೆ ಒಪ್ಪಿಸಿಯಾಗಿತ್ತು. ಆದರೂ ಬಾಯಿಂದ ಬಂದದ್ದು, "ಅಯ್ಯೋ, ಪರವಾಗಿಲ್ಲ! ನನಗಿಂತ ಕಷ್ಟದಲ್ಲಿರೋರು ಇರ್ತಾರೆ." ಎರಡೂ ಕಡೆಯಿಂದ ಥ್ಯಾಂಕ್ಸ್, ಥ್ಯಾಂಕ್ಸ್ ಎನ್ನುತ್ತ ಯಾರು ಮೊದಲು ಫೋನಿಡಬೇಕೆಂಬುದೇ ತಿಳಿಯದೆ ಇನ್ನೊಂದು ನಿಮಿಷ ಕಳೆದಿದ್ದರು. ಚೀಲ ಬಿಚ್ಚುವಾಗ ಅವಳಿಗೆ ತಾನು ಒಳ್ಳೆಯವಳು ಎಂಬ ಸಣ್ಣ ಖುಷಿಯೂ ಆಗಿತ್ತು.

ಆ ಖುಷಿ ನೆನಪಾಗಿ ಈಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಎಂಥ ಒಳ್ಳೆಯತನ ಅದು! ಆ ಊರಿನಲ್ಲಿ ನಿಮ್ಮ ಕಾಲನ್ನು ಯಾರಾದರೂ ತುಳಿದರೆ ಕ್ಷಮೆ ಕೇಳುವವರು ನೀವೇ. ಸಾಲು ಮುರಿದು ನುಗ್ಗುವವರು ಯಾರೂ ಇಲ್ಲ, ನಿಜ. ಆದರೆ ಸಾಲಿನಲ್ಲಿ ನಿಂತವಳನ್ನು ನಯವಾಗಿ ಕೇಳಿದರೆ ಸಾಕು, ತಾನಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಜೊತೆಗೆ ನಗುತ್ತಾಳೆ ಬೇರೆ. ನಿನ್ನೆ ಗುನ್ವೋರ್ ಫೋನ್ ಮಾಡಿ ಎಲ್ಲ ಹಾಳಾಯಿತು ಎಂದಾಗಲೂ ಯೋರ್ಡಿಸ್ "ಹೌದಾ, ಸರಿ ಬಿಡು, ನೀನಾದ್ರೂ ಏನು ಮಾಡ್ತೀಯ" ಎಂದು ಅವಳನ್ನೇ ಸಮಾಧಾನ ಮಾಡಿದ್ದಳು.

ಟ್ರಾಮಿನಲ್ಲಿ ಎದುರು ಕೂತ ಮುದುಕಿಯೊಬ್ಬಳು ಅವಳ ಕಪ್ಪು ಕೋಟನ್ನೂ ಹಿತ್ತಾಳೆ ಗುಂಡಿಗಳನ್ನೂ ನೋಡಿ ಮುಖ ಅರಳಿಸಿದಳು. "ಚಿಮಣಿಯವಳಾ? ಒಂದು ಸಲ ಮುಟ್ಲಾ? ಇವತ್ತು ಲಾಟರಿ ಇದೆ" ಎಂದು ಗುಂಡಿಯನ್ನು ಬೆರಳಿಂದ ಸವರಿದಳು. ಚಿಮಣಿಯವರನ್ನು ಮುಟ್ಟಿದರೆ ಅದೃಷ್ಟವಂತೆ. ಆಗಸ್ಟಿನಲ್ಲಿ ಮೆದುಮೂಳೆಯ ಚೂರು ತೆಗೆಯುವ ದಿನ ಟೊರ್ಸ್ಟೆನ್ ಕೂಡ ಇದೇ ಗುಂಡಿಯನ್ನು ಮುಟ್ಟಿ, "ನನ್ನ ಕೈಗೂ ಒಂಚೂರು ಹತ್ಲಿ" ಎಂದು ನಕ್ಕಿದ್ದ. ಊರಿಗೆಲ್ಲ ಹಂಚುವಷ್ಟು ಅದೃಷ್ಟ ತನ್ನ ಕೋಟಿನಲ್ಲಿದೆ, ಮಂಡಿಯಲ್ಲಿ ಮಾತ್ರ ತೂತು. ಯೋರ್ಡಿಸ್ ಕಿಟಕಿಯ ಕಡೆ ತಿರುಗಿ ಕೂತಳು. ಹೆಂಚಿನ ಮಾಡುಗಳು, ಸಾಲು ಚಿಮಣಿಗಳು ಹಿಂದೆ ಸರಿದವು. ಯಾವ ಮನೆಯ ಕೊಳವೆ ಎಲ್ಲಿ ಸೊಟ್ಟಗಿದೆ, ಯಾವುದರಲ್ಲಿ ಹಕ್ಕಿ ಗೂಡು ಕಟ್ಟುತ್ತದೆ ಎಲ್ಲ ಅವಳಿಗೆ ಗೊತ್ತು. ಅದನ್ನೆಲ್ಲ ಇನ್ನು ಯಾವನೋ ಹೊಸದಾಗಿ ಕಲಿಯುತ್ತಾನೆ.

ಟೊರ್ಸ್ಟೆನ್‌ನ ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ ಪ್ರಯೋಗಾಲಯ. ಆಗಸ್ಟಿನಲ್ಲಿ ರಕ್ತ ಕೊಡಲು ಬಂದಾಗ ಸೊಲ್ವೈಗ್ ಅವಳನ್ನು ಇಲ್ಲಿಗೇ ಕರೆತಂದಿದ್ದಳು. ಜೀವಕೋಶ ಬೆಳೆಸುವುದು ಸೊಲ್ವೈಗಳ ಕೆಲಸ. ನಿನ್ನ ರಕ್ತದಿಂದ ತೆಗೆದ ತಿಳಿಯನ್ನೇ ಅವಕ್ಕೆ ಉಣ್ಣಿಸುತ್ತೇವೆ, ಪರರದ್ದು ಒಂದು ಹನಿಯೂ ಇಲ್ಲ ಎಂದು ವಿವರಿಸಿದ್ದಳು. ಇಂದು ಬಾಗಿಲು ತೆರೆದು ಯೋರ್ಡಿಸಳನ್ನು ನೋಡಿದ್ದೇ ಅವಳ ಮುಖ ಕೆಂಪಾಯಿತು.

"ನೀನು ಬರೋ ವಿಷಯ ಯಾರೂ ಹೇಳಲಿಲ್ಲ."

"ಯಾರಿಗೂ ಹೇಳ್ಲಿಲ್ಲ. ನನ್ನದು ಎಲ್ಲಿದೆ? ನೋಡ್ಬೇಕು."

"ಇವತ್ತು ಸಂಜೆ ಸುಡೋಕೆ ಹೋಗತ್ತೆ, ಯೋರ್ಡಿಸ್. ನೋಡಿ ಏನು ಮಾಡ್ತೀಯ?"

"ಸತ್ತವರನ್ನೂ ಸುಡೋ ಮುಂಚೆ ಮನೆಯವರಿಗೆ ತೋರಿಸ್ತಾರೆ."

ಸೊಲ್ವೈಗ್ ಬೆಚ್ಚನೆಯ ಪೆಟ್ಟಿಗೆಯಿಂದ ಅಂಗೈಯಗಲದ ಚಪ್ಪಟೆ ಬಾಟಲಿಯೊಂದನ್ನು ತಂದಳು. ತಳದಲ್ಲಿ ಗುಲಾಬಿ ಬಣ್ಣದ ನೀರು. ಮೇಲೆ ಚೀಟಿ, ಚೀಟಿಯಲ್ಲಿ ಯೋರ್ಡಿಸಳ ಹೆಸರು, ಹುಟ್ಟಿದ ದಿನ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡು ಎಂದು ಸರಿದು ನಿಂತಳು. ಯೋರ್ಡಿಸ್ ಬಗ್ಗಿ ಕಣ್ಣಿಟ್ಟಳು. ಮೊದಲು ಬರೀ ಬೆಳಕು. ಆಮೇಲೆ ಉದ್ದುದ್ದ, ನೂಲುವ ಕದಿರಿನಂಥವು ಒಂದರ ಪಕ್ಕ ಒಂದು ಒತ್ತಾಗಿ ಮಲಗಿದ್ದು ಕಂಡಿತು.

"ಇವು ಸತ್ತಿಲ್ವಲ್ಲ!"

"ಸತ್ತಿಲ್ಲ. ಬದಲಾಗಿವೆ. ದುಂಡಗಿರಬೇಕಿತ್ತು. ಬಾಟಲಿಯಲ್ಲಿ ಬಹಳ ದಿನ ಬಿಟ್ರೆ ಹೀಗೆ ಉದ್ದ ಆಗ್ತವೆ, ತಾವು ಮೆದುಮೂಳೆ ಅನ್ನೋದೇ ಮರೆತ ಹಾಗೆ. ಈಗ ಮಂಡಿಗೆ ಹಾಕಿದ್ರೆ ಬರೀ ಗಾಯದ ಕಲೆ ಥರ ಬೆಳೀತವೆ. ಬನ್ನಿನ ಹಿಟ್ಟು ಉಬ್ಬಿ ಉಬ್ಬಿ ಕೊನೆಗೆ ಇಳಿದುಹೋಗಲ್ವಾ, ಹಾಗೆ."

"ಆ ಮಂಗಳವಾರ ಹೇಗಿದ್ವು?"

ಸೊಲ್ವೈಗ್ ಕೈಗವಸು ಬಿಚ್ಚತೊಡಗಿದಳು. "ಚೆನ್ನಾಗಿದ್ವು" ಎಂದಳು. "ತುಂಬಾ ಚೆನ್ನಾಗಿದ್ವು."

"ಅವನ್ನ ಹಾಗೇ ಇಟ್ಕೊಳ್ಳೋಕೆ ದಾರಿಯೇ ಇರ್ಲಿಲ್ವಾ?"

"ಇತ್ತು. ಆ ದಿನವೇ ಹೆಪ್ಪುಗಟ್ಟಿಸಿ ಇಡಬಹುದಿತ್ತು. ಆದ್ರೆ ದಿನ ಮುಂದಕ್ಕೆ ಹೋಯ್ತು ಅಂತ ಮಾತ್ರ ಹೇಳಿದ್ರು, ಎಷ್ಟು ಮುಂದಕ್ಕೆ ಅಂತ ಹೇಳ್ಲಿಲ್ಲ. ನಾಳೆಯೋ ನಾಳಿದ್ದೋ ಅಂದ್ಕೊಂಡೆ. ಪೇಶಂಟೇ ಪರವಾಗಿಲ್ಲ ಅಂದಿದಾಳೆ, ಅವಸರ ಇಲ್ಲ ಅಂದ್ರು. ಮತ್ತೆ ಮತ್ತೆ ಕೇಳಿದ್ರೆ ಟೊರ್ಸ್ಟೆನ್‌ನ ತಪ್ಪು ಹುಡುಕಿದ ಹಾಗಾಗತ್ತೆ ಅಂತ..." ಅವಳ ದನಿ ಇಳಿಯಿತು. "ಕೇಳ್ಬೇಕಿತ್ತು. ಕೇಳ್ಲಿಲ್ಲ."

ಅಷ್ಟು ಓದಿದವಳು, ಒಂದು ಮಾತು ಕೇಳಲು ನಾಚಿಕೊಂಡಳಂತೆ. ಮೂರು ಜನ ಮೂರು ಕಡೆ ಕೂತು ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು, ಆ ಹೊತ್ತಿಗೆ ಈ ಬಾಟಲಿಯೊಳಗೆ ಅವಳ ಮಾಡು, ಏಣಿ, ಬೀದಿ ಎಲ್ಲ ಮೆಲ್ಲಗೆ ಉದ್ದುದ್ದ ಆಗುತ್ತಿದ್ದವು. ಯೋರ್ಡಿಸಳಿಗೆ ಮೈಯೆಲ್ಲ ಉರಿಯಿತು. ಬಾಟಲಿಯನ್ನು ಎತ್ತಿ, ಕೋಟಿನ ಗುಂಡಿ ಬಿಚ್ಚಿ, ಸ್ವೆಟರಿನ ಒಳಗೆ ಬರಿಹೊಟ್ಟೆಗೆ ತಾಗುವಂತೆ ಸೇರಿಸಿಕೊಂಡಳು.

"ಅಯ್ಯೋ, ಅದನ್ನ ಹೊರಗೆ ತಗೊಂಡು ಹೋಗೋ ಹಾಗಿಲ್ಲ!"

"ಯಾರದ್ದು ಇದು?"

"ನಿಂದೇ. ಆದ್ರೆ ನಿಯಮ..."

"ನಂದು ಅಂದ ಮೇಲೆ ಮುಗೀತು."

ಸೊಲ್ವೈಗ್ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಅಡ್ಡ ನಿಲ್ಲುವುದು ಅವಳಿಂದ ಆಗುವ ಕೆಲಸವೂ ಆಗಿರಲಿಲ್ಲ.

ಮೇಲಿನ ಮಹಡಿಯಲ್ಲಿ ಕಾಯುವವರು ಗೋಡೆಯುದ್ದಕ್ಕೂ ಇಬ್ಬರ ನಡುವೆ ಒಂದು ಕುರ್ಚಿ ಬಿಟ್ಟು ಕೂತಿದ್ದರು. ಎಲ್ಲರ ಕೈಯಲ್ಲೂ ಸಂಖ್ಯೆಯ ಚೀಟಿ, ಎಲ್ಲರ ಕಣ್ಣೂ ತೊಡೆಯ ಮೇಲಿನ ಪತ್ರಿಕೆಗಳಲ್ಲಿ. ಕಿಟಕಿಯ ಪಕ್ಕ ಎಡಗಾಲನ್ನು ನೀಳವಾಗಿ ಚಾಚಿ, ಊರುಗೋಲುಗಳನ್ನು ಗೋಡೆಗೊರಗಿಸಿ ಕೂತವನನ್ನು ಅವಳು ಕೂಡಲೇ ಗುರುತಿಸಿದಳು. ಫೋಟೋದಲ್ಲಿ ಕಂಡದ್ದಕ್ಕಿಂತ ಎಳೆಯ ಮುಖ, ಗಲ್ಲದಲ್ಲಿ ಹಳೆಯ ಹೊಲಿಗೆಯ ಗುರುತು. ಅವನ ಕೈಯಲ್ಲಿ ಚೀಟಿ ಇರಲಿಲ್ಲ.

ಸ್ವಾಗತದ ಮೇಜಿನಿಂದ ಗುನ್ವೋರ್ ಎದ್ದು ಬಂದಳು. "ಯೋರ್ಡಿಸ್! ಇವತ್ತು ನಿನ್ನ ಹೆಸರಿಲ್ವಲ್ಲ..."

"ಟೊರ್ಸ್ಟೆನ್‌ನ ನೋಡ್ಬೇಕು."

"ಇವತ್ತು ಎಲ್ಲಾ ಭರ್ತಿ. ಗುರುವಾರ ಸಂಜೆ ಬಂದ್ರೆ ಪರವಾಗಿಲ್ವಾ?"

"ಪರವಾಗಿದೆ" ಎಂದಳು ಯೋರ್ಡಿಸ್.

ಗುನ್ವೋರ್ ಹಾಗೇ ನಿಂತಳು. ಅಂಥ ಉತ್ತರಕ್ಕೆ ಮುಂದೆ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ಯೋರ್ಡಿಸ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ನಿಕ್ಲಾಸ್ ಊರುಗೋಲು ಹಿಡಿದು ಎದ್ದು, ಕುಪ್ಪಳಿಸುತ್ತ ಅವಳ ಬಳಿಗೆ ಬಂದ.

"ನೀನೇನಾ ಆ ಚಿಮಣಿಯ ಯೋರ್ಡಿಸ್? ಗುನ್ವೋರ್ ಹೇಳಿದ್ಲು, ನೀನು ನಿನ್ನ ದಿನಾನೇ ನಂಗೆ ಬಿಟ್ಟುಕೊಟ್ಟೆ ಅಂತ." ಅವನ ಮುಖದಲ್ಲಿ ಕಪಟವಿರಲಿಲ್ಲ. ಅದು ಅವಳಿಗೆ ಇನ್ನೂ ಕೋಪ ತರಿಸಿತು. "ನಮ್ಮಮ್ಮ ಅಂತೂ ಅತ್ತೇಬಿಟ್ಲು. ಈಗ್ಲೂ ಇಂಥೋರು ಇದಾರಲ್ಲ ಅಂತ. ನಿಂಗೊಂದು ಸ್ಟಿಕ್ ಕಳಿಸ್ಬೇಕು ಅಂದ್ಕೊಂಡಿದ್ದೆ, ಇಡೀ ತಂಡದ ಸಹಿ ಹಾಕ್ಸಿ. ನಿಜವಾಗ್ಲೂ ಥ್ಯಾಂಕ್ಸ್."

"ನಾನು ಬಿಟ್ಟುಕೊಡ್ಲಿಲ್ಲ."

"ಅಂದ್ರೆ?"

"ನಿಂಗೋಸ್ಕರ ಅಂತ ಯಾರೂ ಹೇಳ್ಲಿಲ್ಲ. ಏನೋ ಏರುಪೇರಾಗಿದೆ ಅಂದ್ರು, ಎರಡು ವಾರ ಕಾಯ್ತೀಯಾ ಅಂದ್ರು. ಕಾದೆ. ಅಷ್ಟರಲ್ಲಿ ನಂದು ಹಾಳಾಗಿ ಹೋಯ್ತು. ಇವತ್ತು ನಂಗೆ ಆಪರೇಷನ್ ಇರ್ಬೇಕಿತ್ತು. ನೋಡು, ಹೇಗೆ ನಿಂತಿದೀನಿ."

ಅಲ್ಲಿ ಕೂತವರು ಯಾರೂ ತಲೆಯೆತ್ತಲಿಲ್ಲ. ಆದರೆ ಯಾರೂ ಪುಟ ತಿರುಗಿಸಲೂ ಇಲ್ಲ. ಹುಡುಗನ ಕಿವಿ ಕೆಂಪಾಯಿತು.

"ನಂಗೆ ಗೊತ್ತಿರ್ಲಿಲ್ಲ" ಎಂದ. "ನಂದು ಮೊದಲು ಇಪ್ಪತ್ತಮೂರನೇ ತಾರೀಕು ಅಂತಿತ್ತು. ಆ ವಾರ ಟೊರ್ಸ್ಟೆನ್ ಅಮೆರಿಕಕ್ಕೆ ಹೋಗ್ಬೇಕಾಯ್ತು, ಭಾಷಣಕ್ಕೆ. ಕ್ಲಬ್ಬಿನವರು ಮಾತಾಡಿ ಹಿಂದಿನ ವಾರಕ್ಕೆ ಮಾಡ್ಸಿದ್ರು."

"ಹಿಂದಿನ ವಾರ ಖಾಲಿ ಇತ್ತು ಅಂದ್ಕೊಂಡ್ಯಾ?"

ಡಾಕ್ಟರನ ಕೋಣೆಯ ಬಾಗಿಲು ತೆರೆಯಿತು. ಟೊರ್ಸ್ಟೆನ್ ಬಿಸಿಲಿಗೆ ಕಂದಿದ ಮುಖದಲ್ಲಿ ನಗುತ್ತ, "ಬಾ ನಿಕ್ಲಾಸ್, ಹೊಲಿಗೆ ನೋಡೋಣ" ಎನ್ನುತ್ತಲೇ ಯೋರ್ಡಿಸಳನ್ನು ಕಂಡ. ನಗು ಅರ್ಧಕ್ಕೇ ನಿಂತಿತು.

"ಯೋರ್ಡಿಸ್. ಓ. ನಿಂಗೆ ಫೋನ್ ಮಾಡ್ಬೇಕು ಅಂತಲೇ ಇದ್ದೆ. ಬಾ, ಒಳಗೆ ಕೂತು ಸಮಾಧಾನವಾಗಿ ಮಾತಾಡೋಣ."

"ಇಲ್ಲೇ ಮಾತಾಡೋಣ."

"ಇಲ್ಲಿ ಬೇರೆಯವರಿಗೆ ತೊಂದ್ರೆ..."

"ಆಗ್ಲಿ. ನೀವು ಅಮೆರಿಕಕ್ಕೆ ಹೋಗಿದ್ರಂತಲ್ಲ?"

ರಾಜನನ್ನು ಬಿಟ್ಟು ಮಿಕ್ಕವರನ್ನೆಲ್ಲ ನೀನು ಎನ್ನುವ ಆ ಊರಿನಲ್ಲಿ ಆ ಬಹುವಚನಕ್ಕೆ ಟೊರ್ಸ್ಟೆನ್‌ನ ಹುಬ್ಬು ಮೇಲೇರಿತು. "ಹೌದು. ಆಕಸ್ಮಿಕವಾಗಿ ಬಂದ ಕರೆ ಅದು" ಎಂದ.

"ಅಲ್ಲಿ ಏನು ಹೇಳಿದ್ರಿ? ಮಂಡಿಯಿಂದ ಚೂರು ತೆಗೀತೀವಿ, ಅವರದೇ ರಕ್ತ ಉಣ್ಸಿ ಬೆಳೆಸ್ತೀವಿ, ಹದಕ್ಕೆ ಬಂದಾಗ ವಾಪಸ್ ತುಂಬ್ತೀವಿ ಅಂತ ತಾನೇ? ಹದ ತಪ್ಪಿದ್ರೆ ಏನಾಗತ್ತೆ ಅಂತ ಹೇಳಿದ್ರಾ?" ಅವಳು ಸ್ವೆಟರಿನೊಳಗಿನಿಂದ ಬಾಟಲಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಗುಲಾಬಿ ನೀರು ತುಳುಕಿತು. "ನಂದು ಇದು. ನೋಡಿ, ಹೆಸರೂ ಬರೆದಿದೆ. ಆ ಮಂಗಳವಾರ ತುಂಬಾ ಚೆನ್ನಾಗಿತ್ತಂತೆ. ಇವನನ್ನ ಇವತ್ತಿಗೆ ಹಾಕ್ಬಹುದಿತ್ತು. ಯಾಕೆ ಹಾಕ್ಲಿಲ್ಲ?"

ಟೊರ್ಸ್ಟೆನ್ ಹುಡುಗನನ್ನು ನೋಡಿದ, ಗುನ್ವೋರಳನ್ನು ನೋಡಿದ. "ನಿನ್ನನ್ನ ಕೇಳಿದ್ವಲ್ಲ, ಯೋರ್ಡಿಸ್" ಎಂದ ಮೆತ್ತಗೆ. "ನೀನು ಪರವಾಗಿಲ್ಲ ಅಂದೆ."

"ಅಂದೆ. ನಮ್ಮಜ್ಜಿ ಸಾಯೋವಾಗ್ಲೂ ಅದನ್ನೇ ಅಂದ್ಲು. ಈ ಊರಲ್ಲಿ ಪರವಾಗಿಲ್ಲ ಅನ್ನದೇ ಇರೋರು ಯಾರಿದಾರೆ, ತೋರ್ಸಿ! ನೀವೂ ಇಲ್ಲೇ ಹುಟ್ಟಿದೋರು. ಅದಕ್ಕೇನು ಅರ್ಥ ಅಂತ ನಿಮಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಇವನ ಕ್ಲಬ್ಬಿನವರು ಹಾಗನ್ನಲ್ಲ ಅಂತಾನೂ ಗೊತ್ತಿತ್ತು. ಅದಕ್ಕೇ ನನ್ನನ್ನ ಕೇಳಿದ್ರಿ."

ಅವಳ ದನಿ ಗೋಡೆಗೆ ಬಡಿದು ಹಿಂದಕ್ಕೆ ಬಂತು. ತನಗೆ ಇಷ್ಟು ದೊಡ್ಡ ದನಿ ಇದೆ ಎಂದು ಮಾಡಿನ ಮೇಲೆ ಗಾಳಿಯಲ್ಲಿ ಕೂಗುವಾಗ ಮಾತ್ರ ಅವಳಿಗೆ ಗೊತ್ತಿತ್ತು. ಮಂಡಿ ನೋಯುತ್ತಿತ್ತು. ಹಿಂದೆ ಕುರ್ಚಿಯಿತ್ತು. ಅವಳು ಕೂರಲಿಲ್ಲ.

"ನನ್ನ ಏಣಿನ ಇವತ್ತು ಇಳಿಸ್ತಾರೆ" ಎಂದಳು. "ಬೇರೆಯವನ ಹೆಸರು ಬರೀತಾರೆ. ಏಪ್ರಿಲ್‌ನಲ್ಲಿ ನೀವು ಮಂಡಿ ಸರಿ ಮಾಡಿದ್ರೂ ಹತ್ತೋಕೆ ನಂಗೆ ಮಾಡು ಇರಲ್ಲ. ಅದು ನಿಮಗೆ ಗೊತ್ತಿರ್ಲಿ ಅಂತ ಬಂದೆ."

ಹುಡುಗ ಊರುಗೋಲಿನ ಮೇಲೆ ಭಾರ ಬಿಟ್ಟು ನೆಲ ನೋಡುತ್ತಿದ್ದ. ಕೂತವರಲ್ಲಿ ಯಾರೋ ಕೆಮ್ಮಿದರು. ಟೊರ್ಸ್ಟೆನ್ ಕನ್ನಡಕ ತೆಗೆದ. ಬಹಳ ಹೊತ್ತು ಅದನ್ನು ಕೋಟಿನ ಅಂಚಿಗೆ ಒರೆಸಿದ. ಮತ್ತೆ ಹಾಕಿಕೊಂಡ.

"ತಪ್ಪಾಯ್ತು" ಎಂದ. "ನಂದೇ ತಪ್ಪು. ಕ್ಷಮಿಸು, ಯೋರ್ಡಿಸ್." ಬಲಗೈ ಮುಂದೆ ಚಾಚಿದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳಿಗೂ ತಿಳಿಯಿತು. ಇನ್ನು ಉಳಿದದ್ದು ಒಂದೇ ಮಾತು. ಗುನ್ವೋರ್ ಆಗಲೇ ತಲೆಯನ್ನು ತುಸು ವಾಲಿಸಿ, ಕಣ್ಣಲ್ಲೇ ಬೇಡುತ್ತ ಅದಕ್ಕಾಗಿ ಕಾಯುತ್ತಿದ್ದಳು. ಪತ್ರಿಕೆಗಳ ಮೇಲೆ ಕಣ್ಣಿಟ್ಟು ಕೂತವರೂ ಕಾಯುತ್ತಿದ್ದರು. ಹುಡುಗನೂ ತಲೆಯೆತ್ತಿದ. ಅವಳು ಆ ಮಾತು ಆಡಿಬಿಟ್ಟರೆ ಡಾಕ್ಟರನ ಕೈ ಕೆಳಗಿಳಿಯುತ್ತಿತ್ತು, ಎಲ್ಲರೂ ಪುಟ ತಿರುಗಿಸುತ್ತಿದ್ದರು.

ಮೇಜಿನ ಮೇಲಿನ ಗಂಟೆ ಟಿಣ್ ಎಂದಿತು. ಗೋಡೆಯ ಮೇಲೆ ಸಂಖ್ಯೆ ಬದಲಾಯಿತು. ಆ ಸಂಖ್ಯೆಯವರು ಏಳಲಿಲ್ಲ.

ಯೋರ್ಡಿಸ್ ಬಾಟಲಿಯನ್ನು ಮತ್ತೆ ಸ್ವೆಟರಿನೊಳಗೆ ಇಳಿಸಿ, ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದಳು. ಟೊರ್ಸ್ಟೆನ್‌ನ ಕೈ ಚಾಚಿದಂತೆಯೇ ಇತ್ತು. ಅವಳು ಅದನ್ನು ನೋಡುತ್ತ ಸುಮ್ಮನೆ ನಿಂತಳು. ಬಾಟಲಿ ಇನ್ನೂ ಬೆಚ್ಚಗಿತ್ತು.